ಹದಿನೇಳನೆಯ ಪುಟ್ಟದಿಂಬು

ಬೆಳಗಿನ ಐದೂವರೆ. ಬೀದಿಯ ಅಂಗಡಿಗಳೆಲ್ಲ ಇನ್ನೂ ಶಟರ್ ಎಳೆದುಕೊಂಡು ಮಲಗಿವೆ. ಮೂಲೆಯ ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ನಲವತ್ತೆಂಟು ವರ್ಷದ ಹೆಂಗಸೊಬ್ಬರು ರವಿಕೆಯ ತೋಳು ಮಡಚಿಕೊಂಡು, ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ಮೊಣಕೈ ಮುಳುಗುವಷ್ಟು ಕೈ ಇಳಿಬಿಟ್ಟು ನಿಂತಿದ್ದಾರೆ. ಕಣ್ಣು ಗೋಡೆ ಗಡಿಯಾರದ ಮೇಲಿದೆ, ತುಟಿ ಸಣ್ಣಗೆ ಅಲ್ಲಾಡುತ್ತಿದೆ. ಎಣಿಕೆ ಅರವತ್ತು ಮುಟ್ಟಿದ ಕೂಡಲೇ ಬೆರಳು ಬಿಡಿಸಿ, ಉಸಿರು ಬಿಗಿಹಿಡಿದು ಡ್ರಮ್ಮಿನೊಳಗೆ ಬಗ್ಗಿ ನೋಡುತ್ತಾರೆ.

ಕೈಯಿಂದ ಜಾರಿದ್ದು ಮೇಲಕ್ಕೆ ಬರುವುದಿಲ್ಲ, ತಳಕ್ಕೂ ಇಳಿಯುವುದಿಲ್ಲ. ಬಿಟ್ಟ ಜಾಗದಲ್ಲೇ ಸ್ವಲ್ಪ ತೂಗಾಡಿ ನಿಲ್ಲುತ್ತದೆ. ಅಂಗೈ ತುಂಬುವಷ್ಟು ದೊಡ್ಡ ಬಟ್ಟೆಯ ದಿಂಬು ಅದು; ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಅವರು ಅದನ್ನು ಎತ್ತಿ ಹಿಡಿದು ಮತ್ತೆ ಎಣಿಸುತ್ತಾರೆ. ಒಂಬತ್ತು ಎನ್ನುವಷ್ಟರಲ್ಲಿ ನೀರೆಲ್ಲ ಸೋರಿಹೋಗಿ ಹನಿ ನಿಲ್ಲುತ್ತದೆ. ಹಾಗಂತ ಮುಖದಲ್ಲಿ ನಗುವೇನೂ ಇಲ್ಲ.

"ಇದು ಹದಿನೇಳನೇದು," ಎನ್ನುತ್ತಾರೆ. "ಮೊದಲಿನ ಹದಿನಾರೂ ಕೈಕೊಟ್ಟವು. ಡ್ರಮ್ಮಲ್ಲಿ ನಿಂತಿದ್ದು ಈಜುಕೊಳದಲ್ಲಿ ನಿಲ್ಲುತ್ತೆ ಅಂತ ಯಾರು ಬರೆದುಕೊಟ್ಟಿದ್ದಾರೆ?"

ಆ ಹದಿನಾರೂ ತಲೆಯ ಮೇಲಿನ ದಾರದಲ್ಲಿ ಕ್ಲಿಪ್ಪು ಸಿಕ್ಕಿಸಿಕೊಂಡು ನೇತಾಡುತ್ತಿವೆ. ಒಂದು ತೇಲಿತು, ಒಂದು ಕಲ್ಲಿನ ಹಾಗೆ ಮುಳುಗಿತು, ಒಂದು ನೀರು ಕುಡಿದು ಕುಡಿದು ಎರಡರಷ್ಟಾಯಿತು. ಇನ್ನೊಂದು ಬಣ್ಣ ಬಿಟ್ಟು ಡ್ರಮ್ಮಿನ ನೀರನ್ನೇ ಗುಲಾಬಿ ಮಾಡಿತು. ಸೋತದ್ದನ್ನು ಎಸೆಯಬಾರದು ಎನ್ನುವುದು ಅವರ ಹಟ. ಕಣ್ಣೆದುರಿಗಿದ್ದರೆ ಅದೇ ತಪ್ಪನ್ನು ಮತ್ತೆ ಮಾಡಲು ಕೈ ಬರುವುದಿಲ್ಲವಂತೆ.

ಬೀದಿಗೆಲ್ಲ ಅವರು ದಿಂಬಮ್ಮ. ಪರದೆ, ದಿಂಬು, ಹಾಸಿಗೆಯ ಹೊದಿಕೆ ಹೊಲಿದುಕೊಡಲಾಗುತ್ತದೆ ಎಂದು ಅಂಗಡಿಯ ಬೋರ್ಡಿನಲ್ಲಿದೆ. ಇನ್ನೊಂದು ಕೆಲಸವನ್ನು ಬೋರ್ಡಿಗೆ ಹಾಕಿಲ್ಲ. ಅದಕ್ಕೆ ಬರುವವರು ಮುಂದಿನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಬರುತ್ತಾರೆ, ಪರದೆ ಬಟ್ಟೆಯನ್ನು ಸುಮ್ಮನೆ ಮುಟ್ಟಿ ಮುಟ್ಟಿ ನೋಡುತ್ತಾರೆ, ಕೊನೆಗೆ ದನಿ ತಗ್ಗಿಸಿ, ಇಲ್ಲಿ ಪುಟ್ಟದಿಂಬು ಸಿಗುತ್ತಂತಲ್ಲ ಎನ್ನುತ್ತಾರೆ. ಕ್ಯಾನ್ಸರ್ ಬಂದು ಒಂದು ಸ್ತನವನ್ನೋ ಎರಡನ್ನೋ ತೆಗೆಸಿಕೊಂಡವರು ಇವರು; ಆ ಖಾಲಿ ಜಾಗಕ್ಕೆ ಉಡುಪಿನೊಳಗೆ ಇಟ್ಟುಕೊಳ್ಳುವುದೇ ಪುಟ್ಟದಿಂಬು. ಕಾಲು ಮುರಿದರೆ ಬಂದವರಿಗೆಲ್ಲ ಬ್ಯಾಂಡೇಜು ತೋರಿಸಿ ಕಥೆ ಹೇಳುವ ನಮಗೆ, ಎದೆಯ ಮಾತು ಬಂದರೆ ಯಾಕೋ ಗಂಟಲು ಕಟ್ಟುತ್ತದೆ. ಆ ಕಟ್ಟಿದ ಗಂಟಲುಗಳನ್ನೆಲ್ಲ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸುವುದು ದಿಂಬಮ್ಮನ ಕೆಲಸ.

ಹನ್ನೊಂದು ವರ್ಷದಲ್ಲಿ ಆರುನೂರ ಹದಿನಾಲ್ಕು ಜನಕ್ಕೆ ಅಳತೆ ಹಿಡಿದಿದ್ದಾರೆ. ಅಳತೆಯ ಪುಸ್ತಕದಲ್ಲಿ ಒಂದು ಹೆಸರೂ ಇಲ್ಲ. 'ನೀಲಿ ಕೊಡೆ', 'ಬ್ಯಾಂಕಿನವರು', 'ಅವಳಿ ಮಕ್ಕಳ ತಾಯಿ' ಎಂದು ಗುರುತು ಹಾಕಿಕೊಂಡಿದ್ದಾರೆ. ಪುಸ್ತಕ ಯಾರ ಕೈಗೆ ಸಿಕ್ಕಿದರೂ ಯಾರ ಮನೆಯ ಗುಟ್ಟೂ ಹೊರಗೆ ಬೀಳಬಾರದು.

ಇವತ್ತು ಆರು ಗಂಟೆಗೆ ಬರಬೇಕಾದವರ ಗುರುತು 'ಈಜಿನ ಟೀಚರ್'. ದಿಂಬಮ್ಮನಿಗೆ ಎರಡು ದಿನದಿಂದ ಊಟ ಸೇರದಿರುವುದಕ್ಕೆ ಅವರೇ ಕಾರಣ.

ಟೀಚರಿಗೆ ಮೂವತ್ತಾರು ವರ್ಷ. ಕಾಯಿಲೆಗೆ ಮೊದಲು ಈಜುಕೊಳದಲ್ಲಿ ದಿನಕ್ಕೆ ಎರಡು ತರಗತಿ ನಡೆಸುತ್ತಿದ್ದರು: ಬೆಳಿಗ್ಗೆ ಆರಕ್ಕೆ ಹೆಂಗಸರಿಗೆ, ಎಂಟಕ್ಕೆ ಮಕ್ಕಳಿಗೆ. ಆಪರೇಷನ್ ಮುಗಿದು, ಔಷಧಿಯೂ ಮುಗಿದು, ಉದುರಿದ ಕೂದಲು ಮತ್ತೆ ಬಂದು, ಇನ್ನು ನೀರಿಗೆ ಇಳಿಯಬಹುದು ಎಂದು ಡಾಕ್ಟರ್ ಹೇಳಿದ ಮೇಲೆ ದಿಂಬಮ್ಮನ ಬಳಿಗೆ ಬಂದರು. ಅಂಗಡಿಯಲ್ಲಿ ಸಿಗುವ ಸಿಲಿಕೋನಿನ ಕೃತಕ ಸ್ತನವನ್ನು ಹಾಕಿ ನೋಡಿದ್ದಾಗಿತ್ತು. ಒಂದೇ ವಾರಕ್ಕೆ ಗಾಯದ ಗುರುತಿನ ಸುತ್ತ ಚರ್ಮ ಕೆಂಪಾಗಿ ಎದ್ದಿತ್ತು. ಬಟ್ಟೆಯದು ಮಾಡಿಕೊಡಿ ಎಂದು ಕೇಳಿದರು. ಮಕ್ಕಳ ತರಗತಿಗೆ ಮಾತ್ರ ಹೋಗುತ್ತೇನೆ, ಹೆಂಗಸರ ಮುಂದೆ ನಿಲ್ಲುವುದು ಈ ಜನ್ಮಕ್ಕೆ ಸಾಧ್ಯವಿಲ್ಲ ಎಂದು ಆವತ್ತೇ ಹೇಳಿಬಿಟ್ಟಿದ್ದರು. ಮಕ್ಕಳು ನೀರು ನೋಡುತ್ತವೆ, ಹೆಂಗಸರು ಮೈ ನೋಡುತ್ತಾರೆ ಎನ್ನುವುದು ಅವರ ಲೆಕ್ಕ. ಹೆಂಗಸರ ಆ ಬ್ಯಾಚು ಟೀಚರ ಕಾಯಿಲೆಯ ದಿನದಿಂದ ನಿಂತೇಹೋಗಿದೆ.

ದಿಂಬಮ್ಮ ನೀರಿಗೆಂದು ಹಿಂದೆ ಯಾವತ್ತೂ ಹೊಲಿದಿರಲಿಲ್ಲ. ಆದರೂ ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ದಿಂಬು ಮಾಡುವವರ ತಲೆ ಹೇಗೆ ಓಡಬೇಕೋ ಹಾಗೇ ಓಡಿತು: ಒಳಗಿನದು ನೆನೆಯಬಾರದು. ಮೆತ್ತಗಿನ ಸ್ಪಂಜು ತುಂಬಿ, ಅದರ ಮೇಲೆ ಮಳೆ ಕೋಟಿನ ಬಟ್ಟೆ ಸುತ್ತಿ, ಹನಿ ನೀರು ನುಗ್ಗದ ಹಾಗೆ ಎರಡೆರಡು ಸಲ ಹೊಲಿಗೆ ಓಡಿಸಿ, ಈಜುಡುಪಿನ ಒಳಗೊಂದು ಜೇಬು ಮಾಡಿ ಕೂರಿಸಿದರು. ನೋಡಲು ಅಚ್ಚುಕಟ್ಟಾಗಿತ್ತು. ಟೀಚರ್ ಕನ್ನಡಿ ನೋಡಿಕೊಂಡು ಮುಗುಳ್ನಕ್ಕರು.

ಇಪ್ಪತ್ತಾರು ದಿನದ ಹಿಂದೆ ಅದನ್ನು ಹಾಕಿಕೊಂಡು ನೀರಿಗಿಳಿದರು. ಗಾಳಿ ತುಂಬಿದ ಸ್ಪಂಜು ನೀರಿನಲ್ಲಿ ಸುಮ್ಮನಿರುತ್ತದೆಯೇ? ಇಪ್ಪತ್ತೆರಡು ಮಕ್ಕಳು, ಬೆಂಚಿನ ಮೇಲೆ ಅವರ ತಾಯಂದಿರು ನೋಡುತ್ತಿದ್ದ ಹಾಗೇ ಅದು ಜೇಬು ಬಿಟ್ಟು ಮೇಲೇರಿ ಕುತ್ತಿಗೆಯ ಬುಡಕ್ಕೆ ಬಂದು ಕೂತಿತು. ಟೀಚರ್, ಅದೇನು ನಿಮ್ಮ ಗಂಟಲ ಹತ್ತಿರ ಎಂದು ಒಂದು ಮಗು ಕೇಳಿತಂತೆ. ಟೀಚರ್ ಮೆಟ್ಟಿಲು ಹತ್ತಿ, ಟವೆಲು ಸುತ್ತಿಕೊಂಡು ನೇರ ಮನೆಗೆ ನಡೆದರು. ಆಮೇಲೆ ಎರಡು ವಾರ ಫೋನು ಎತ್ತಲಿಲ್ಲ.

"ಅವರ ಮೈಯಲ್ಲಿ ಏನೂ ತಪ್ಪಿರಲಿಲ್ಲ. ತಪ್ಪಾಗಿದ್ದು ನನ್ನ ಕೈಯಿಂದ," ಎನ್ನುತ್ತಾರೆ ದಿಂಬಮ್ಮ. "ಪರದೆ ಗಿಡ್ಡ ಆದ್ರೆ ಬಿಚ್ಚಿ ಹೊಲಿಬಹುದು. ಜನರ ಎದುರಿಗೆ ಒಬ್ಬರ ಮಾನ ಹೋದ್ರೆ ಅದನ್ನ ಎಲ್ಲಿಂದ ಬಿಚ್ಚಿ ಹೊಲಿಯೋದು?"

ಕಳೆದ ವಾರ ಟೀಚರಿಂದ ಒಂದು ಮೆಸೇಜು ಬಂತು. ಕೊಳದ ಮ್ಯಾನೇಜರ್ ಸೋಮವಾರದವರೆಗೆ ಕಾಯುತ್ತಾರೆ, ಆಮೇಲೆ ಮಕ್ಕಳ ತರಗತಿಯನ್ನು ಬೇರೆಯವರಿಗೆ ಕೊಡುತ್ತಾರೆ. ಅವತ್ತು ಬೆಳಿಗ್ಗೆ ಆರಕ್ಕೆ ಬರುತ್ತೇನೆ, ದಿಂಬು ಸರಿಯಾದರೆ ಆಯಿತು, ಇಲ್ಲದಿದ್ದರೆ ಈಜು ಬಿಟ್ಟೆ ಎಂದು ಅದರಲ್ಲಿತ್ತು. ಆ ಸೋಮವಾರ ಇವತ್ತು.

ಹಿಂದಿನ ಕೋಣೆಯ ಒಲೆಯ ಮುಂದೆ ಇನ್ನೊಬ್ಬರಿದ್ದಾರೆ. ದಿಂಬಮ್ಮನ ಒಡಹುಟ್ಟಿದ ಅಕ್ಕ, ವಯಸ್ಸು ಐವತ್ತೇಳು. ಬಂದವರೆಲ್ಲ ದೊಡ್ಡಕ್ಕ ಎಂದೇ ಕರೆಯುತ್ತಾರೆ. ಬಾಣಲೆಯಲ್ಲಿ ಸಾಸಿವೆ ಹುರಿಯುವುದು, ತಕ್ಕಡಿಯಲ್ಲಿ ತೂಗುವುದು ಅವರ ಪಾಲಿನ ಕೆಲಸ. ಅಡುಗೆಗಲ್ಲ, ದಿನನಿತ್ಯ ಹಾಕಿಕೊಳ್ಳುವ ಪುಟ್ಟದಿಂಬಿನೊಳಕ್ಕೆ. ಸಾಸಿವೆ ಮೈಯ ಜೊತೆ ಅಲುಗಾಡುತ್ತದೆ, ತೂಕವೂ ಕೊಡುತ್ತದೆ. ಒಂದು ಬದಿ ಹಗುರಾದರೆ ಭುಜ ಒಂದೇ ಕಡೆಗೆ ವಾಲಿ ಬೆನ್ನು ನೋವು ಶುರುವಾಗುತ್ತದೆ. ಅದಕ್ಕೇ ಹತ್ತು ಗ್ರಾಮಿನ ವ್ಯತ್ಯಾಸವನ್ನೂ ದೊಡ್ಡಕ್ಕ ಬಿಡುವುದಿಲ್ಲ.

ಈ ಕೆಲಸ ಶುರುವಾದದ್ದೇ ದೊಡ್ಡಕ್ಕನಿಂದ. ಹನ್ನೆರಡು ವರ್ಷದ ಹಿಂದೆ ಅವರಿಗೆ ಎಡಗಡೆ ಆಪರೇಷನ್ ಆಯಿತು. ಖಾಲಿ ಜಾಗಕ್ಕೆ ಕರವಸ್ತ್ರ ಸುತ್ತಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಅದು ಅಂಗಿಯೊಳಗಿಂದ ಜಾರಿ ನೆಲಕ್ಕೆ ಬಿತ್ತು. ಪಕ್ಕದಲ್ಲಿದ್ದ ಗಂಡಸು ಎತ್ತಿಕೊಟ್ಟು, ನಿಮ್ಮದು ಬಿತ್ತು ನೋಡಿ ಎಂದರು, ಬಹಳ ಮರ್ಯಾದೆಯಿಂದಲೇ. ದೊಡ್ಡಕ್ಕ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಮನೆಗೆ ಬಂದವರು ಹತ್ತು ತಿಂಗಳು ಹೊಸಿಲು ದಾಟಲಿಲ್ಲ. ಸ್ನಾನವನ್ನೂ ದೀಪ ಆರಿಸಿಕೊಂಡು ಮಾಡುತ್ತಿದ್ದರು.

ಆಗ ಸೋಫಾ ಕಾರ್ಖಾನೆಯಲ್ಲಿ ದಿಂಬಿನ ಹೊದಿಕೆ ಹೊಲಿಯುತ್ತಿದ್ದ ತಂಗಿ, ಅಡುಗೆಮನೆಯ ಸಾಸಿವೆ ಡಬ್ಬಿ ಖಾಲಿ ಮಾಡಿ ಮೊದಲ ಪುಟ್ಟದಿಂಬು ಹೊಲಿದುಕೊಟ್ಟರು. ಅಕ್ಕ ಬೇಡ ಬೇಡ ಎನ್ನುತ್ತಲೇ ಹಾಕಿಕೊಂಡರು. ಬೇಸಿಗೆಯ ಬೆವರು, ಮೇಲಿಂದ ಒಗೆದು ಅರೆಬರೆ ಒಣಗಿಸಿದ್ದು ಬೇರೆ. ನಾಲ್ಕನೆಯ ದಿನ ಬಟ್ಟೆಯ ಸಂದಿಯಿಂದ ಹಸಿರು ಮೊಳಕೆ ಇಣುಕಿತು.

"ನನ್ನ ಎದೇಲಿ ಬೆಳೆ ಬಂದಿದೆ ಕಣೆ, ಕೊಯ್ಲು ಯಾವಾಗ ಮಾಡ್ತೀಯ ಅಂತ ಕೇಳಿದೆ," ಎಂದು ದೊಡ್ಡಕ್ಕ ಸೌಟು ಆಡಿಸುತ್ತಲೇ ನೆನೆಯುತ್ತಾರೆ. "ಇವಳು ಅಳಬೇಕೋ ನಗಬೇಕೋ ತಿಳೀದೆ ಬಾಯಿ ಬಿಟ್ಕೊಂಡು ನಿಂತಿದ್ದಳು. ನಾನೇ ಮೊದಲು ನಕ್ಕಿದ್ದು. ಹತ್ತು ತಿಂಗಳಾದ ಮೇಲೆ."

ಅಂದಿನಿಂದ ಸಾಸಿವೆಯನ್ನು ಹುರಿಯದೆ ತುಂಬುವುದಿಲ್ಲ. ಕಾಳು ಬೇರೆ ಚೀಲದಲ್ಲಿ, ಒಗೆಯುವ ಹೊದಿಕೆ ಬೇರೆ. ಹೊಸಬರು ಬಂದರೆ ದೊಡ್ಡಕ್ಕ ಮೊದಲು ಹೇಳುವುದೇ ಈ ಮೊಳಕೆಯ ಕಥೆ. ಆಸ್ಪತ್ರೆಯ ಕಾಗದಪತ್ರಗಳನ್ನು ಎದೆಗೆ ಅವುಚಿಕೊಂಡು ಕೂತ ಎಷ್ಟೋ ಹೆಂಗಸರ ಕೈ ಆ ಕಥೆ ಮುಗಿಯುವಷ್ಟರಲ್ಲಿ ಸಡಿಲವಾಗಿರುತ್ತದೆ.

ಕೋಣೆಯ ಒಂದು ಗೋಡೆಗೆ ಆಳೆತ್ತರದ ಕನ್ನಡಿ ಇದೆ, ಅದರ ಮೇಲೆ ತಿಳಿ ಹಳದಿಯ ಬಟ್ಟೆ ಇಳಿಬಿಟ್ಟಿದೆ. ಅದನ್ನು ಸರಿಸುವ ಹಕ್ಕು ಬಂದವರಿಗೆ ಮಾತ್ರ. ದಿಂಬಮ್ಮ ಮುಟ್ಟುವುದಿಲ್ಲ, ಒತ್ತಾಯ ಮಾಡುವುದಿಲ್ಲ. ಕೆಲವರು ಮೊದಲ ದಿನವೇ ಸರಿಸುತ್ತಾರೆ. ಒಬ್ಬರು ಎರಡು ವರ್ಷ ತೆಗೆದುಕೊಂಡರು. ಅಲ್ಲಿಯತನಕ ಪಾಠ ನಡೆಯುತ್ತದೆ: ಸ್ನಾನದ ಹೊತ್ತಿಗೆ ದೀಪ ಹಾಕಿಕೊಳ್ಳಿ, ಗಾಯದ ಗುರುತಿಗೆ ಬೆರಳ ತುದಿಯಿಂದ ಎಣ್ಣೆ ಸವರಿ, ಅದು ನಿಮ್ಮದೇ ಚರ್ಮ. ದಿನಾ ಗೋಡೆಗೆ ಎದುರಾಗಿ ನಿಂತು ಬೆರಳು ಮೇಲೆ ಮೇಲೆ ಹತ್ತಿಸಿ, ತೋಳು ಬಿಗಿಯಬಾರದು. ತಿಂಗಳಿಗೊಂದು ದಿನ ಗೊತ್ತುಮಾಡಿಕೊಂಡು ಉಳಿದ ಕಡೆಯನ್ನು ಮೂರು ಬೆರಳಲ್ಲಿ ಒತ್ತಿ ನೋಡಿಕೊಳ್ಳಿ. ಏನಾದರೂ ಬೇರೆ ಅನ್ನಿಸಿದರೆ ಡಾಕ್ಟರ ಬಳಿ ಹೋಗಿ. ನಾನು ಬರೀ ದರ್ಜಿ ಎಂದು ಪ್ರತಿ ಸಲವೂ ಸೇರಿಸುತ್ತಾರೆ.

ಆರಕ್ಕೆ ಐದು ನಿಮಿಷವಿರುವಾಗ ಬಾಗಿಲು ಬಡಿದ ಸದ್ದಾಗುತ್ತದೆ. ಟೀಚರ್ ಎತ್ತರದ ಹೆಂಗಸು, ಅಗಲ ಭುಜ. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದವರು ಇವತ್ತು ಬೆನ್ನನ್ನೂ ಬಗ್ಗಿಸಿಕೊಂಡೇ ಬರುತ್ತಾರೆ. ಕನ್ನಡಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂರುತ್ತಾರೆ. ಮೊದಲೆಲ್ಲ ಒಳಗೆ ಬಂದ ಕೂಡಲೇ ಆ ಹಳದಿ ಬಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದವರು ಇವರೇ. ದಿಂಬಮ್ಮ ಕೈ ಒರೆಸಿಕೊಂಡು ಹತ್ತಿರ ಬರುತ್ತಾರೆ.

ಹದಿನೇಳನೆಯದನ್ನು ಅವರ ಕೈಗೆ ಕೊಟ್ಟು ಮಾಡಿದ ಬಗೆಯನ್ನು ವಿವರಿಸುತ್ತಾರೆ. ನೀರನ್ನು ಹೊರಗಿಡಲು ಹೋದದ್ದೇ ಹಿಂದಿನ ತಪ್ಪು. ಹೋದ ವಾರ ಗಿರಾಕಿಯೊಬ್ಬರ ಕಿಟಕಿ ಪರದೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದಾಗ, ಜಾಲರಿಯಂಥ ಆ ನೆಟ್ ಬಟ್ಟೆ ನೀರನ್ನು ತನ್ನ ಮೂಲಕ ಹಾಯಲು ಬಿಟ್ಟು ನಡುವೆ ಸುಮ್ಮನೆ ನಿಂತದ್ದು ಕಣ್ಣಿಗೆ ಬಿತ್ತು. ಹಾಗಾಗಿ ಇದರೊಳಗೆ ಇರುವುದು ಬರೀ ನೆಟ್ಟಿನ ಚೂರು, ಬುಡದಲ್ಲಿ ಒಂದು ಸಣ್ಣ ಚೀಲದ ತುಂಬ ಗಾಜಿನ ಮಣಿ. ನೀರು ಬರುತ್ತದೆ, ಹೋಗುತ್ತದೆ. ಮಣಿ ಅದನ್ನು ಮೇಲೇಳಲು ಬಿಡುವುದಿಲ್ಲ.

ತಂಟೆ ಇರುವುದು ಜೇಬಿನಲ್ಲಿ. ಈಜುಡುಪಿನ ಒಳಜೇಬಿನ ಮೇಲಂಚನ್ನು ಪೂರ್ತಿ ಹೊಲಿದರೆ ನೀರು ಬೇಗ ಇಳಿಯುವುದಿಲ್ಲ. ಮೇಲೆ ಬಂದು ನಿಂತಾಗ ಒಂದೇ ಬದಿಯಿಂದ ತೊಟತೊಟ ಸೋರುತ್ತದೆ. ಹೊಲಿಯದೆ ಬಿಟ್ಟರೆ ದಿಂಬು ಜರುಗುವ ಭಯ. ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ ಎನ್ನುತ್ತಾರೆ ದಿಂಬಮ್ಮ. ಮುಚ್ಚಿಬಿಡು ಎಂದು ದೊಡ್ಡಕ್ಕ ಒಲೆಯ ಕಡೆಯಿಂದ ಹೇಳುತ್ತಾರೆ. ಅಕ್ಕತಂಗಿಯರಿಗೆ ಈ ಎರಡು ಬೆರಳಿನ ಮೇಲೆ ಮೂರು ದಿನದಿಂದ ಜಗಳ.

ಟೀಚರ್ ಮೊದಲ ಸಲ ಬಾಯಿ ತೆರೆಯುತ್ತಾರೆ. "ಜರುಗುತ್ತಾ, ಇಲ್ವಾ? ಅದೊಂದು ಹೇಳಿ ಸಾಕು."

"ಜರುಗಲ್ಲ ಅಂತ ಹೋದ ಸಲಾನೂ ಹೇಳಿದ್ದೆ, ಟೀಚರ್. ಈ ಸಲ ಹೇಳಲ್ಲ. ನೋಡೋಣ ಬನ್ನಿ."

ನೋಡುವುದೆಂದರೆ ಬಚ್ಚಲಿನಲ್ಲಿ. ಟೀಚರ್ ಈಜುಡುಪು ತೊಟ್ಟು ನಿಲ್ಲುತ್ತಾರೆ. ದೊಡ್ಡಕ್ಕ ಸ್ಟೂಲು ಹತ್ತಿ ಮೇಲಿಂದ ಚೊಂಬು ಚೊಂಬು ನೀರು ಸುರಿಯುತ್ತಾರೆ. ಬಗ್ಗಿ, ಏಳಿ, ಕೈ ಎತ್ತಿ, ಕುಣಿಯಿರಿ ಎಂದು ತಂಗಿ ಹೇಳಿದ್ದಕ್ಕೆಲ್ಲ ಅಕ್ಕನದೊಂದು ಟೀಕೆ: ಇಷ್ಟು ದೊಡ್ಡ ಮಗುವಿಗೆ ನೀರು ಹಾಕಿದ್ದು ಇದೇ ಮೊದಲು, ಸೋಪು ಹಚ್ಚಲೇ? ಟೀಚರ ತುಟಿ ಒಂದು ಕ್ಷಣ ಸಡಿಲವಾಗಿ ಮತ್ತೆ ಬಿಗಿಯುತ್ತದೆ. ದಿಂಬು ಅಲುಗುವುದಿಲ್ಲ. ಒಂಬತ್ತು ಎಣಿಸುವಷ್ಟರಲ್ಲಿ ನೀರು ಇಳಿಯುತ್ತದೆ. ಆದರೆ ಬಚ್ಚಲು ಕೊಳವಲ್ಲ ಎನ್ನುವುದು ಮೂವರಿಗೂ ಗೊತ್ತು.

ಹೊರಡುವ ಮುನ್ನ ಟೀಚರ್ ಬಾಗಿಲಲ್ಲಿ ನಿಂತು, ನೀವೂ ಬನ್ನಿ ಅಕ್ಕಾ ಎನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ದಿಂಬಮ್ಮ ಯಾವ ಗಿರಾಕಿಯ ಹಿಂದೆಯೂ ಹೋದದ್ದಿಲ್ಲ. ಮೇಲಾಗಿ ನೀರೆಂದರೆ ಅವರಿಗೆ ಜೀವಭಯ. ಡ್ರಮ್ಮಿಗಿಂತ ದೊಡ್ಡ ನೀರಿನ ಹತ್ತಿರ ಸುಳಿದವರಲ್ಲ. ಆದರೂ ಸೂಜಿ, ದಾರ, ಕತ್ತರಿ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಾರೆ.

ಈಜುಕೊಳದ ಗೇಟಿನಲ್ಲಿ ಮ್ಯಾನೇಜರ್ ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಅವರ ಪಕ್ಕದಲ್ಲಿ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡ ಬೇರೊಬ್ಬ ಕೋಚ್ ಕೂತಿದ್ದಾರೆ. ಯಾಕೆ ಬಂದಿದ್ದಾರೆಂದು ಯಾರೂ ಹೇಳಬೇಕಾಗಿಲ್ಲ. ಮ್ಯಾನೇಜರ್ ಕೆಟ್ಟವರೇನಲ್ಲ, ಟೀಚರನ್ನು ನೋಡಿ ಎದ್ದು ನಿಲ್ಲುತ್ತಾರೆ. ಆದರೂ ಎಂಟಕ್ಕೆ ಸರಿಯಾಗಿ ಶುರುವಾಗಬೇಕು ಎಂದು ಮೆಲ್ಲಗೆ ನೆನಪಿಸುತ್ತಾರೆ.

ದಿಂಬಮ್ಮ ನೀರಿನಿಂದ ಆದಷ್ಟು ದೂರದ ಬೆಂಚು ಹುಡುಕಿ, ಗೋಡೆಗೆ ಒರಗಿ ಕೂರುತ್ತಾರೆ. ಸುತ್ತ ತಾಯಂದಿರು, ಟವೆಲುಗಳು, ನೀರಿನ ಬಾಟಲಿಗಳು. ಕೊಳದ ಅಂಚಿನಲ್ಲಿ ಮಕ್ಕಳು ಕಾಲು ಇಳಿಬಿಟ್ಟು ಕೂತು ನೀರು ಚಿಮ್ಮಿಸುತ್ತಿವೆ. ಎಂಟು ಹೊಡೆಯುತ್ತದೆ. ಟೀಚರ್ ಬಟ್ಟೆ ಬದಲಿಸುವ ಕೋಣೆಯಿಂದ ಹೊರಗೆ ಬಂದಿದ್ದಾರೆ, ಆದರೆ ಕುತ್ತಿಗೆಯಿಂದ ಮಂಡಿಯವರೆಗೆ ಟವೆಲು ಸುತ್ತಿಕೊಂಡು ಮೆಟ್ಟಿಲ ಮೇಲೇ ನಿಂತಿದ್ದಾರೆ. ಒಂದು ನಿಮಿಷ. ಎರಡು. ಸೀಟಿಯ ಕೋಚ್ ಎದ್ದು ನಿಲ್ಲುತ್ತಾರೆ. ತಾಯಂದಿರಲ್ಲಿ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳುತ್ತಾರೆ. ದಿಂಬಮ್ಮ ಮಡಿಲಿನ ಚೀಲವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆಂದರೆ ಕತ್ತರಿಯ ತುದಿ ಬಟ್ಟೆ ತೂರಿ ಅಂಗೈಗೆ ಚುಚ್ಚುತ್ತಿದೆ, ಅದರ ಅರಿವೂ ಇಲ್ಲ.

ಮೂರನೆಯ ನಿಮಿಷಕ್ಕೆ ಟೀಚರ್ ಟವೆಲನ್ನು ಕಂಬಿಯ ಮೇಲೆ ಹಾಕಿ ನೀರಿಗೆ ಇಳಿಯುತ್ತಾರೆ.

ಮಂಡಿ, ಸೊಂಟ, ಎದೆ. ದಿಂಬಮ್ಮ ಎಣಿಸತೊಡಗುತ್ತಾರೆ. ಅರವತ್ತಾಗುತ್ತದೆ, ನೂರಿಪ್ಪತ್ತಾಗುತ್ತದೆ. ಟೀಚರ್ ಮುಖ ಮುಳುಗಿಸಿ ಗುಳ್ಳೆ ಬಿಟ್ಟು ತೋರಿಸುತ್ತಾರೆ, ಅಂಗಾತ ತೇಲುತ್ತಾರೆ, ಕೈ ಬೀಸಿ ಆ ತುದಿಗೆ ಹೋಗಿ ಬರುತ್ತಾರೆ. ಹೋದ ಸಲ ಈ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಈ ಸಲ ಎದೆ ಎದೆಯಂತೆಯೇ ಇದೆ. ದಿಂಬಮ್ಮ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದಾರೆ. ನಡುವೆ ಒಮ್ಮೆ ತಲೆ ಎತ್ತಿ, ಇನ್ಯಾರು ನೋಡುತ್ತಿದ್ದಾರೆ ಎಂದು ಬೆಂಚಿನ ಉದ್ದಕ್ಕೂ ಕಣ್ಣಾಡಿಸುತ್ತಾರೆ. ಯಾರೂ ಇಲ್ಲ. ಕಿವಿಯಲ್ಲಿ ಪಿಸುಗುಟ್ಟಿದ್ದ ಆ ತಾಯಿಯೂ ತನ್ನ ಮಗ ಮೂಗು ಹಿಡಿದುಕೊಂಡನೋ ಇಲ್ಲವೋ ಎಂದು ಕತ್ತು ಚಾಚಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಮಗುವಿನ ಚಿಂತೆ.

ಅಷ್ಟರಲ್ಲಿ ಆಳದ ಕಡೆಗೆ ಜಾರಿದ ಹುಡುಗಿಯೊಬ್ಬಳು ಕಿರುಚುತ್ತಾಳೆ. ಆರೇಳು ವರ್ಷದ ಮಗು, ನೀರು ಕುಡಿದು ಗಾಬರಿಯಾಗಿದೆ. ಟೀಚರ್ ಎರಡೇ ಬೀಸಿಗೆ ಹತ್ತಿರ ಹೋಗುತ್ತಾರೆ. ಮಗು ಮುಳುಗುವವರು ಹಿಡಿಯುವ ಹಾಗೇ ಹಿಡಿಯುತ್ತದೆ: ಒಂದು ಕೈ ಕುತ್ತಿಗೆಗೆ, ಇನ್ನೊಂದು ಈಜುಡುಪಿನ ಅಂಚಿಗೆ, ಮುಖವನ್ನು ಆ ಬದಿಗೇ, ದಿಂಬಿನ ಬದಿಗೇ ಒತ್ತಿಕೊಂಡು. ದಿಂಬಮ್ಮ ಎದ್ದು ನಿಂತಿದ್ದಾರೆ. ನೀರಿನ ಭಯ ಎಲ್ಲಿ ಹೋಯಿತೋ, ಕೊಳದ ಅಂಚಿಗೇ ಬಂದು ನಿಂತಿದ್ದಾರೆ. ಮಗು ಎಳೆಯುತ್ತಿದೆ, ಒದೆಯುತ್ತಿದೆ. ಅವರ ಕಣ್ಣೆದುರಿಗೇ ಜೇಬಿನೊಳಗಿನ ಉಬ್ಬು ಜರುಗುತ್ತದೆ. ಸರಿಯಾಗಿ ಎರಡು ಬೆರಳು, ಪಕ್ಕಕ್ಕೆ.

ಟೀಚರ್ ಎದೆಯ ಮೇಲೆ ಕೈ ಇಡುವುದಿಲ್ಲ. ಮೆಟ್ಟಿಲ ಕಡೆಗೂ ನೋಡುವುದಿಲ್ಲ. ಮಗುವಿನ ಬೆನ್ನು ತಟ್ಟುತ್ತ, ಕಿವಿಯಲ್ಲಿ ಏನೇನೋ ಹೇಳುತ್ತ ಕಡಿಮೆ ಆಳದ ಕಡೆಗೆ ನಡೆಸಿಕೊಂಡು ಬರುತ್ತಾರೆ. ಅಂಚಿನಲ್ಲಿ ಕೂರಿಸುತ್ತಾರೆ. ಅಳು ನಿಲ್ಲುವತನಕ ಕಾದು, ಅದೇ ಮಗುವನ್ನು ಮತ್ತೆ ನೀರಿಗೆ ಇಳಿಸಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು ತೇಲಿಸುತ್ತಾರೆ. ಇನ್ನೂ ಇಪ್ಪತ್ತು ನಿಮಿಷ ತರಗತಿ ನಡೆಯುತ್ತದೆ. ಸೀಟಿಯ ಕೋಚ್ ಯಾವಾಗ ಎದ್ದು ಹೋದರೋ ಯಾರೂ ಗಮನಿಸಲಿಲ್ಲ.

ತರಗತಿ ಮುಗಿದ ಮೇಲೆ ಟೀಚರ್ ಮ್ಯಾನೇಜರ ಜೊತೆ ಕೊಳದ ಅಂಚಿನಲ್ಲೇ ನಿಂತು ಎರಡು ನಿಮಿಷ ಮಾತಾಡುತ್ತಾರೆ, ತೊಟ್ಟಿಕ್ಕುತ್ತ, ಟವೆಲಿಲ್ಲದೆ. ಏನು ಮಾತೋ ದಿಂಬಮ್ಮನಿಗೆ ಕೇಳಿಸುವುದಿಲ್ಲ. ಮಾತೇನು ಕೇಳುವುದು, ಅವರ ತಲೆಯಲ್ಲಿ ಆ ಎರಡು ಬೆರಳೇ ಕೊರೆಯುತ್ತಿದೆ. ಅಕ್ಕ ಹೇಳಿದ ಹಾಗೆ ಮುಚ್ಚಿಬಿಡಬೇಕಿತ್ತು. ಬಟ್ಟೆ ಬದಲಿಸುವ ಕೋಣೆಗೆ ಟೀಚರ ಹಿಂದೆಯೇ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

"ತಪ್ಪಾಯ್ತು, ಟೀಚರ್. ಜರುಗಿಬಿಡ್ತು."

"ಏನು?"

"ದಿಂಬು. ಆ ಮಗು ಹಿಡ್ಕೊಂಡಿತಲ್ಲ, ಆಗ."

ಟೀಚರ್ ಕತ್ತು ಬಗ್ಗಿಸಿ ನೋಡಿಕೊಳ್ಳುತ್ತಾರೆ. ಅಲ್ಲಿಯವರೆಗೂ ಅವರಿಗೆ ಗೊತ್ತೇ ಇರಲಿಲ್ಲ. ಆ ಕೋಣೆಯ ಒಂದಿಡೀ ಗೋಡೆಗೆ ಕನ್ನಡಿ, ಅದರ ಮೇಲೆ ಹಳದಿ ಬಟ್ಟೆಯೂ ಇಲ್ಲ ಏನೂ ಇಲ್ಲ. ಅದರಲ್ಲಿ ನೋಡಿಕೊಂಡು, ಹಣೆಗೆ ಬಿದ್ದ ಕೂದಲು ಸರಿಸುವ ಹಾಗೆ ಎರಡು ಬೆರಳಲ್ಲಿ ದಿಂಬನ್ನು ಅದರ ಜಾಗಕ್ಕೆ ನೂಕಿ, ತಲೆ ಒರೆಸಿಕೊಳ್ಳಲು ಶುರುಮಾಡುತ್ತಾರೆ. ಆ ಮಗುವಿಗೆ ನಾಳೆಯಿಂದ ಅಂಗಾತ ತೇಲುವುದನ್ನೇ ಮೊದಲು ಕಲಿಸಬೇಕು, ಆಗ ಹೆದರಿಕೆ ಹೋಗುತ್ತದೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದಾರೆ.

ದಿಂಬಮ್ಮ ಚೀಲದಿಂದ ಸೂಜಿ ತೆಗೆದಿದ್ದಾರೆ. ಒದ್ದೆ ಬಟ್ಟೆಗೆ ಹೊಲಿಗೆ ಹಾಕಿದರೆ ಒಣಗಿದ ಮೇಲೆ ಸುಕ್ಕು ಬೀಳುತ್ತದೆ. ಅವರ ಕೈ ಅದಕ್ಕೆ ಒಪ್ಪುವುದಿಲ್ಲ. ಮತ್ತೆ ಸೂಜಿ ಒಳಗಿಡುತ್ತಾರೆ.

"ಒಂದೇ ಒಂದು ಹೊಲಿಗೆ ಬೇಕು. ನಾಳೆ ಬೆಳಿಗ್ಗೆ ಆರಕ್ಕೆ ಬಂದುಬಿಡಿ, ಟೀಚರ್. ಐದು ನಿಮಿಷದ ಕೆಲಸ."

"ನಾಳೆ ಆರಕ್ಕೆ ಆಗಲ್ಲ ಅಕ್ಕಾ," ಎನ್ನುತ್ತಾರೆ ಟೀಚರ್, ಟವೆಲಿನೊಳಗಿಂದ. "ಹೆಂಗಸರ ಬ್ಯಾಚಿದೆ."

ದಿಂಬಮ್ಮ ಒಬ್ಬರೇ ವಾಪಸು ಬರುತ್ತಾರೆ. ಅಂಗಡಿಯ ಶಟರ್ ಎತ್ತುತ್ತಾರೆ, ಅಂಗೈಯ ಗಾಯ ಆಗ ಕಣ್ಣಿಗೆ ಬಿದ್ದು ನೀರಿನಲ್ಲಿ ತೊಳೆದುಕೊಳ್ಳುತ್ತಾರೆ. ಏನಾಯಿತು ಎಂದು ದೊಡ್ಡಕ್ಕ ಕೇಳುತ್ತಾರೆ. ತಂಗಿಯ ಮುಖ ಗಂಟಿಕ್ಕಿಕೊಂಡೇ ಇದೆ, ಕಣ್ಣು ಮಾತ್ರ ತುಂಬಿದೆ.

"ಹನ್ನೊಂದು ವರ್ಷದಲ್ಲಿ ಹೊಲಿಗೆ ಬಾಕಿ ಇಟ್ಕೊಂಡು ಒಬ್ಬರನ್ನೂ ಕಳಿಸಿರಲಿಲ್ಲ ಕಣೆ ಅಕ್ಕಾ. ಇವತ್ತು ಕಳಿಸಿದೆ. ಅವರಿಗೆ ಪುರುಸೊತ್ತಿಲ್ಲವಂತೆ."